ಇನ್ನೊಂದು ಸಣ್ಣ ಪೊಟ್ಟಣ ಉಂಟು

ಮಂಗಳೂರಿನಿಂದ ಒಬ್ಬ ದುಬೈಗೆ ಹೊರಟ ಅಂದರೆ ಅದು ಅವನೊಬ್ಬನ ಪ್ರಯಾಣ ಅಂತ ತಿಳಿಯಬೇಡಿ. ಟಿಕೆಟು ಅವನದ್ದು, ವೀಸಾ ಅವನದ್ದು, ವಿಮಾನ ಮೇಲೇರುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುವವನೂ ಅವನೇ. ಸೂಟ್‌ಕೇಸು ಮಾತ್ರ ಸಾರ್ವಜನಿಕ ಆಸ್ತಿ. ಹೊರಡುವ ತಾರೀಕು ಗೊತ್ತಾದ ದಿನವೇ ಅದರೊಳಗಿನ ಜಾಗ ಪಾಲಾಗಿ ಹೋಗಿರುತ್ತದೆ.

ಮಗಳು ಶಾರ್ಜಾದಲ್ಲಿರುವ ಕಾರಣಕ್ಕೆ ಕಾವೂರಿನ ನಮ್ಮ ಓಣಿಗೆ ನಾನೇ ವಿದೇಶಾಂಗ ಸಚಿವ. ಸಂಬಳ ಇಲ್ಲ, ಚಾ ಉಂಟು. ಯಾರ ಮನೆಯ ಹುಡುಗ ಹೊರಟರೂ ಅವನನ್ನು ನಮ್ಮ ಜಗಲಿಗೆ ಕರೆತಂದು ಕೂರಿಸುತ್ತಾರೆ. ನಾನು ಕನ್ನಡಕ ಏರಿಸಿ ಅವನ ಪಾಸ್‌ಪೋರ್ಟನ್ನು ಜಾತಕ ನೋಡುವ ಗಾಂಭೀರ್ಯದಲ್ಲಿ ತಿರುವುತ್ತೇನೆ. ಮೊದಲು ನೋಡುವುದು ಆಯುಷ್ಯವನ್ನೇ. ಪಾಸ್‌ಪೋರ್ಟಿಗೆ 10 ವರ್ಷ ಅಂತ ಬರೆದಿದ್ದರೂ ಕೊನೆಯ 6 ತಿಂಗಳು ಬರೀ ಶಾಸ್ತ್ರಕ್ಕೆ. ಎಮಿರೇಟ್ಸಿನವರಿಗೆ ಅಷ್ಟು ಅವಧಿ ಬಾಕಿ ಇರಲೇಬೇಕು. ಇದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ದಪ್ಪವಾಗುತ್ತದೆಂದು ಮನೆಯವಳ ಅಂಬೋಣ.

ಆಮೇಲೆ ಹೆಸರು. ನಮ್ಮ ಕಡೆಯವರ ಹೆಸರಿನಲ್ಲಿ ಊರು, ಮನೆ, ಬರ್ಕೆ, ಅಪ್ಪ ಎಲ್ಲರೂ ಇನಿಶಿಯಲ್ಲಾಗಿ ಒತ್ತಿಕೊಂಡು ಕೂತಿರುತ್ತಾರೆ. ಇಲ್ಲವಾದರೆ ಒಂಟಿ ಹೆಸರು: ಬರೀ ಉಮೇಶ, ಬರೀ ಸುಂದರಿ. ಊರಿನಲ್ಲಿ ಅಷ್ಟು ಸಾಕು, ಅಂಚೆಯವನೂ ಅಡ್ಡಿ ಹೇಳುವುದಿಲ್ಲ. ಆದರೆ 2022ರ ನವೆಂಬರಿನಲ್ಲಿ ಯುಎಇ ಸರಕಾರ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟಿತು. ಕೊನೆಯ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಅಂತ ಮತ್ತೆ ಸಡಿಲಿಸಿದರು. ಬದುಕಿದ್ದಾಗ ಮಗನನ್ನು ಸುರತ್ಕಲ್ ದಾಟಲು ಬಿಡದ ಅಪ್ಪಂದಿರು ಈಗ ಪಾಸ್‌ಪೋರ್ಟಿನ ಹಿಂಬದಿಯಲ್ಲಿ ನಿಂತು ತಾವೇ ಕಡಲು ದಾಟಿಸುತ್ತಿದ್ದಾರೆ.

ಕೆಲಸಕ್ಕೆ ಹೋಗುವವನಾದರೆ ಇನ್ನೊಂದು ಪ್ರಶ್ನೆ: ಇಸಿಎನ್‌ಆರ್ ಉಂಟಾ? ಮೀನು ಮಾರ್ಕೆಟ್ಟಿನಲ್ಲಿ ನಿಂತು ಕೇಳಿದರೂ ಇದರ ಅರ್ಥ ಹೇಳುವವರು ನಮ್ಮೂರಿನಲ್ಲಿ ಸಿಗುತ್ತಾರೆ: ವಲಸೆ ತಪಾಸಣೆ ಬೇಕಿಲ್ಲ ಅಂತ. ಹತ್ತನೇ ಕ್ಲಾಸು ಪಾಸಾಗದವರನ್ನು ಏಜೆಂಟರು ದಾರಿ ತಪ್ಪಿಸಿಯಾರು ಅಂತ 1983ರ ವಲಸೆ ಕಾಯಿದೆಯ ಅಡಿಯಲ್ಲಿ ಸರಕಾರ ಇಟ್ಟ ತಪಾಸಣೆ ಅದು. ಕೊಲ್ಲಿ ದೇಶಗಳೆಲ್ಲ ಅದರ ಪಟ್ಟಿಯಲ್ಲಿವೆ. ಹತ್ತನೇ ಪಾಸಾದವರಿಗೆ ಆ ರಗಳೆ ಇಲ್ಲ. 50 ದಾಟಿದವರಿಗೂ ಇಲ್ಲ. ಈ ಎರಡನೆಯ ವಿನಾಯಿತಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಈ ಪ್ರಾಯಕ್ಕೆ ಬುದ್ಧಿ ಬಂದಿರುತ್ತದೆ ಅಂತಲೋ, ಇನ್ನು ಇವರನ್ನು ಮೋಸ ಮಾಡಿಯಾದರೂ ಕೊಂಡೊಯ್ಯುವವರು ಯಾರು ಅಂತಲೋ? ಮನೆಯವಳು ಎರಡನೆಯದ್ದೇ ಸರಿ ಅನ್ನುತ್ತಾಳೆ.

ಈಗಿನವರಿಗೆ ಇದೆಲ್ಲ ಸಸಾರ. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ತನಕ ಕೊಲ್ಲಿಗೆ ಹೋಗುವವನು ಮೊದಲು ರಾತ್ರಿ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಬೀಳಬೇಕಿತ್ತು. ಬಜಪೆಯಲ್ಲಿ ವಿಮಾನ ಇಳಿಯಲು ಸುರುವಾದದ್ದೇನೋ 1951ರಲ್ಲಿ. ಆದರೆ ಅರ್ಧ ಶತಮಾನ ಕಳೆದರೂ ನಮ್ಮ ಹುಡುಗರು ಮರುಭೂಮಿಗೆ ಹೋಗಬೇಕಾದರೆ ಖಂಡಾಲದ ಘಾಟಿಯಲ್ಲಿ ಒಮ್ಮೆ ವಾಂತಿ ಮಾಡಿಯೇ ಹೋಗಬೇಕಿತ್ತು.

ಅದಕ್ಕೂ ಹಿಂದಿನದ್ದು ಬೇಕಾ? ಹನ್ನೆರಡನೆಯ ಶತಮಾನಕ್ಕೆ ಹೋಗುವ, ಚಾ ಆರುವುದಿಲ್ಲ. ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ 1132ರ ಸುಮಾರಿಗೆ ಬಂದು ನಮ್ಮ ಮಂಗಳೂರಿನಲ್ಲೇ ವರ್ಷಾನುಗಟ್ಟಲೆ ನೆಲೆಸಿದ್ದ. ಅವನ ಕಾಗದ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಒಂದು ಕೋಣೆಯಲ್ಲಿ ಉಳಿದುಕೊಂಡದ್ದರಿಂದ ನಮಗಿದು ಗೊತ್ತು. ಅಮಿತಾವ್ ಘೋಷ್ 1992ರಲ್ಲಿ ಅದನ್ನೇ ಹಿಡಿದು ಒಂದು ಪುಸ್ತಕ ಬರೆದರು. ಆ ಕಾಗದಗಳಲ್ಲಿ ಏನುಂಟು ಅಂತೀರಿ? ಮುಕ್ಕಾಲು ಪಾಲು ಸಾಮಾನಿನ ಪಟ್ಟಿ! ಇಲ್ಲಿಂದ ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ; ಏಡನ್ನಿನಿಂದ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಆಳು ಬೊಮ್ಮ ಈ ಕಡೆಯವನೇ ಅಂತ ಘೋಷರ ಊಹೆ. ಯಜಮಾನನ ಪರವಾಗಿ ಏಡನ್ನಿಗೆ ಹೋದ ಬೊಮ್ಮ ಅಲ್ಲಿ ಕುಡಿದು ದುಡ್ಡಿಗಾಗಿ ಗಲಾಟೆ ಮಾಡಿದ ಅಂತ ಅಲ್ಲಿನ ವ್ಯಾಪಾರಿ ದೂರು ಬರೆದದ್ದೂ ಉಂಟು. ಬೊಮ್ಮನ ನೆಪದಲ್ಲಿ ನಾನು ಹುಡುಗರಿಗೆ ದುಡ್ಡಿನ ವಿಷಯ ಹೇಳಿಬಿಡುತ್ತೇನೆ: ನಮ್ಮ ರೂಪಾಯಿ 25,000ಕ್ಕಿಂತ ಹೆಚ್ಚು ಒಯ್ಯುವ ಹಾಗಿಲ್ಲ, ಟ್ಯಾಕ್ಸಿಗಾಗುವಷ್ಟು ದಿರ್‌ಹಮ್ ಇಲ್ಲಿಂದಲೇ ಕಿಸೆಯಲ್ಲಿರಲಿ, ಸಂಜೆಯ ಮೇಲೆ ಬೊಮ್ಮನ ನೆನಪಿರಲಿ.

ಇನ್ನು ಸೂಟ್‌ಕೇಸಿಗೆ ಬರುವ. 30 ಕಿಲೋ ಅನುಮತಿ ಇರುವ ಟಿಕೆಟು ಅಂತಿಟ್ಟುಕೊಳ್ಳಿ. ಹಲಸಿನ ಹಪ್ಪಳ, ಸಾಂತಾಣಿ, ಕುಚ್ಚಲಕ್ಕಿ, ಒಣ ಎಟ್ಟಿ, ಕುಂದಾಪುರದ ಮಸಾಲೆ ಪುಡಿ, ಅಪ್ಪೆಮಿಡಿ. ಕೋರಿರೊಟ್ಟಿಯದ್ದು ಬೇರೆಯೇ ಸಮಸ್ಯೆ: ತೂಕ ಇಲ್ಲ, ಜಾಗ ಬೇಕು, ಮುಟ್ಟಿದರೆ ಪುಡಿ. ಇವೆಲ್ಲದರ ನಡುವೆ ಪ್ರಯಾಣಿಕನ ಅಂಗಿಗಳು ಪತ್ರೊಡೆಯ ಹಾಗೆ ಸುರುಳಿ ಸುತ್ತಿಕೊಂಡು ಮೂಲೆ ಸೇರುತ್ತವೆ. “ಅಂಗಿ ಅಲ್ಲಿಯೂ ಸಿಗ್ತದೆ ಮಾರಾಯ್ರೇ” ಅಂತ ಮನೆಯವಳು ನನ್ನದೊಂದು ಅಂಗಿ ತೆಗೆದು ಆ ಸಂದಿಗೆ ಹಪ್ಪಳದ ಕಟ್ಟು ತೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಪ್ಪಳವೂ ಅಲ್ಲಿ ಸಿಗುತ್ತದೆ. ದುಬೈಯ ಕರಾಮದಲ್ಲಿ ಕುಚ್ಚಲಕ್ಕಿ ಉಂಟು, ಮಲ್ಲಿಗೆಯೂ ಉಂಟು. ಇದನ್ನು ಹೇಳಿ ನೋಡಿ, ನಿಮ್ಮನ್ನು ಹೃದಯ ಇಲ್ಲದವರ ಪಟ್ಟಿಗೆ ಸೇರಿಸುತ್ತಾರೆ.

ಕೆಲವಕ್ಕೆ ಮಾತ್ರ ಸಚಿವಾಲಯ ಕಡ್ಡಾಯವಾಗಿ ಅಡ್ಡ ನಿಲ್ಲುತ್ತದೆ. ಗಸಗಸೆ ಬೇಡವೇ ಬೇಡ. ಇಲ್ಲಿ ಅದು ಪಾಯಸ, ಅಲ್ಲಿ ಅದು ಮಾದಕ ವಸ್ತು, ಸಿಕ್ಕಿದರೆ ಜೈಲು. ಒಣಕೊಬ್ಬರಿಯೂ ಬೇಡ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನಿನ ಸಾಲಿಗೆ ಸೇರಿಸಿದ್ದಾರೆ. ತೆಂಗಿನ ಊರಿನ ಹೆಂಗಸರಿಗೆ ಇದನ್ನು ನಂಬಿಸುವುದು ಸುಲಭವಲ್ಲ. “ನಮ್ಮ ಅಟ್ಟದಲ್ಲಿ ಇಷ್ಟು ವರ್ಷ ಇತ್ತಲ್ಲ, ಅಟ್ಟ ಸುಟ್ಟಿತಾ?” ಅನ್ನುತ್ತಾರೆ. ಉಪ್ಪಿನಕಾಯಿ ಕೈಚೀಲಕ್ಕೆ ಬೇಡ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಮಾತ್ರೆಗಳು ಪಟ್ಟಿಯ ಸಮೇತ, ಡಾಕ್ಟರರ ಚೀಟಿ ಸಮೇತ. ಇಲ್ಲಿ ಕೆಮ್ಮಿಗೆ ಕುಡಿಯುವ ಕೊಡೀನ್ ಇರುವ ಸಿರಪ್ಪಿಗೆ ಅಲ್ಲಿ ಮುಂಚಿತ ಅನುಮತಿ ಬೇಕು. ಪ್ಲಗ್ಗಿಗೆ ಮೂರು ಚೌಕ ಕಾಲು. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ.

ತೂಕ ನೋಡುವುದು ಹೇಗೆ? ಮನೆಯ ತೂಕದ ಯಂತ್ರದ ಮೇಲೆ ಸೂಟ್‌ಕೇಸು ಇಟ್ಟರೆ ಮುಳ್ಳು ಕಾಣುವುದಿಲ್ಲ. ಹಾಗಾಗಿ ಸೂಟ್‌ಕೇಸನ್ನು ಅಪ್ಪಿಕೊಂಡು ನಾನು ಹತ್ತಬೇಕು, ಮನೆಯವಳು ಬಗ್ಗಿ ಓದಬೇಕು, ಮತ್ತೆ ನಾನೊಬ್ಬನೇ ಹತ್ತಿ ಕಳೆಯಬೇಕು. ಹಪ್ಪಳದ ಕಟ್ಟನ್ನು ಉಳಿಸುವುದಕ್ಕಾಗಿ ಅವಳು ನನ್ನ ತೂಕವನ್ನು ಪ್ರತಿ ಸಲ ಜಾಸ್ತಿಯೇ ಓದುತ್ತಾಳೆ ಅಂತ ನನಗೆ ಗುಮಾನಿ. ಈಗ ಕೊಕ್ಕೆ ಸಿಕ್ಕಿಸಿ ಎತ್ತುವ ಪುಟ್ಟ ಯಂತ್ರ ಹಂಪನಕಟ್ಟೆಯಲ್ಲಿ ಸಿಗುತ್ತದೆ. ಅದು ಸುಳ್ಳು ಹೇಳುವುದಿಲ್ಲ, ಅದಕ್ಕೇ ಮನೆಯಲ್ಲಿ ಅದಕ್ಕೆ ಮರ್ಯಾದೆ ಇಲ್ಲ.

ಕೊನೆಗೆ ಪೊಟ್ಟಣಗಳು. ಹೊರಡುವ ಸಂಜೆ ಒಬ್ಬೊಬ್ಬರೇ ಬರುತ್ತಾರೆ. ಎಲ್ಲರ ಸೆರಗಿನಡಿಯಲ್ಲೂ ಒಂದು “ಸಣ್ಣ” ಪೊಟ್ಟಣ. ಮೊಮ್ಮಗನಿಗೆ, ತಮ್ಮನಿಗೆ, ತಮ್ಮನ ರೂಮಿನವನಿಗೆ. ಗುರುತಿಲ್ಲದವರ ಕಟ್ಟನ್ನು ಬಿಚ್ಚದೆ ಒಯ್ಯಬಾರದು. ಒಳಗೆ ಏನಿತ್ತೆಂದೇ ತಿಳಿಯದೆ ಕೊಲ್ಲಿಯ ಜೈಲು ಸೇರಿದವರಿದ್ದಾರೆ, ಇದು ತಮಾಷೆಯಲ್ಲ. ಆದರೆ ಓಣಿಯ ಹಿರಿಯರ ಮುಂದೆ “ಬಿಚ್ಚಿ ತೋರಿಸಿ” ಅನ್ನುವುದು ಹೇಗೆ? ನನ್ನ ಉಪಾಯ ಹೇಳುತ್ತೇನೆ: “ಅಕ್ಕಾ, ಒಳಗೆ ಗಾಳಿ ಜಾಸ್ತಿ ಉಂಟು, ನಾವು ಬೇರೆ ತೊಟ್ಟೆಯಲ್ಲಿ ಒತ್ತಿ ಕಟ್ಟುವ.” ಗಾಳಿಯೂ ಹೋಗುತ್ತದೆ, ಅನುಮಾನವೂ ಹೋಗುತ್ತದೆ, ಅಕ್ಕನ ಪ್ರೀತಿ ಉಳಿಯುತ್ತದೆ.

ಅಲ್ಲಿ ಪೇಟೆಯಲ್ಲೇ ಸಿಗುವ ಹಪ್ಪಳವನ್ನು ಇಲ್ಲಿಂದ ಯಾಕೆ ಕಳಿಸುತ್ತಾರೆ ಅಂತ ಅಂಥ ಪೊಟ್ಟಣ ಬಿಚ್ಚಿ ಕಟ್ಟುವಾಗಲೇ ನನಗೆ ಅಂದಾಜಾದದ್ದು. ಮೇ ತಿಂಗಳ ಬಿಸಿಲಿಗೆ ಚಾಪೆ ಹಾಸಿ, ಕಾಗೆ ಓಡಿಸುತ್ತಾ ಕೂತವರಿಗೆ ವೀಸಾ ಸಿಗುವುದಿಲ್ಲ. ಅವರು ಮಾಡಿದ್ದಕ್ಕಾದರೂ ಸಿಗಲಿ ಅಂತ. ಹಾಗಾಗಿ ಹೊರಡುವವರಿಗೆ ಸಚಿವಾಲಯದ ಅಂತಿಮ ಸೂಚನೆ ಇಷ್ಟೇ: 30 ಕಿಲೋ ಇದ್ದರೆ 26ಕ್ಕೆ ನಿಲ್ಲಿಸಿ ಬೀಗ ಹಾಕಿ. ಬೀಗದ ಕೈ ಮಾತ್ರ ದೂರ ಇಡಬೇಡಿ. ಉಳಿದ 4 ಕಿಲೋ ಸಂಜೆ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ.