ಹೊಸ ಸರ್ವರ್ ಮಹಾಶಯರ ಸನ್ನಿಧಾನಕ್ಕೆ

ನಮ್ಮ ಕ್ಲಸ್ಟರಿನ ಮೂರನೆಯ ಪೀಠವನ್ನು ಅಲಂಕರಿಸಿರುವ ಸರ್ವರ್ ಮಹಾಶಯರಿಗೆ ರಾತ್ರಿ ಪಾಳಿಯ ಸೇವಕನ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ತಾವು ಪಾದ ಬೆಳೆಸಿದ ರಾತ್ರಿ ಒಂದೂವರೆಯಿಂದ ನಾಲ್ಕೂಕಾಲಿನವರೆಗೆ ನಮ್ಮ ಕ್ಷೇಮ ಎಷ್ಟಿತ್ತೆಂಬುದು ತಮಗೇ ಗೊತ್ತು.

ತಮಗಿಂತ ಮೊದಲು ಆ ಜಾಗದಲ್ಲಿದ್ದವರು ಆರು ವರ್ಷ ಸದ್ದಿಲ್ಲದೆ ದುಡಿದು, ಡಿಸ್ಕ್ ಹೋಗಿ ತೀರಿಕೊಂಡರು. ರ‍್ಯಾಕಿನಿಂದ ಹೊರಗೆಳೆದಾಗ ಹಣೆಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ತಾವು ಥರ್ಮಾಕೋಲಿನ ಪಲ್ಲಕ್ಕಿಯಲ್ಲಿ ಬಂದಿರಿ. ಕೂರಿಸುವ ಗಡಿಬಿಡಿಯಲ್ಲಿ ಒಂದು ಸ್ಕ್ರೂ ಕೈಜಾರಿ ಎಲ್ಲಿ ಹೋಯಿತೋ; ಇವತ್ತಿಗೂ ತಾವು ಮೂರೇ ಸ್ಕ್ರೂಗಳ ಮೇಲೆ ವಿರಾಜಮಾನರು. ಕ್ಷಮೆಯಿರಲಿ.

ತಮ್ಮ ಮೊದಲ ಉಪಕಾರವನ್ನು ಹೇಗೆ ಮರೆಯಲಿ? ಕ್ಲಸ್ಟರಿನ ದಾಖಲೆಗಳನ್ನು ಕಾಯುವ ಎಟ್‌ಸಿಡಿ ಎಂಬ ಡೇಟಾಬೇಸಿನ ಸದಸ್ಯರ ಪಟ್ಟಿಗೆ ತಮ್ಮ ಹೆಸರು ಸೇರಿಸಿದೆ, ಸತ್ತವರ ಹೆಸರು ತೆಗೆಯುವ ಮೊದಲೇ. ಪಟ್ಟಿಯಲ್ಲಿ ಮೂವರಿದ್ದಾಗ ಕೋರಂಗೆ ಇಬ್ಬರು ಸಾಕಿತ್ತು. ತಾವು ನಾಲ್ಕನೆಯವರಾಗಿ ದಾಖಲಾದ ಕ್ಷಣ ಮೂವರು ಬೇಕಾಯಿತು. ಒಬ್ಬರು ಸತ್ತಿದ್ದಾರೆ, ತಾವಿನ್ನೂ ಎದ್ದಿಲ್ಲ. ಉಳಿದಿಬ್ಬರು, ಕೋರಂ ಇಲ್ಲದ ಸೊಸೈಟಿ ಸಭೆಗೆ ಬಂದವರ ಹಾಗೆ, ಮುಖ ಮುಖ ನೋಡಿಕೊಂಡು ಕೂತರು. ಒಂದು ನಿಮಿಷ ದುಡಿಯದೆ, ಬರೀ ಹೆಸರಿನ ಬಲದಿಂದ ಇಡೀ ಸಂಸಾರವನ್ನು ನಿಲ್ಲಿಸಿದ ತಮ್ಮ ಮಹಿಮೆ ದೊಡ್ಡದು. ಸತ್ತವರ ಹೆಸರನ್ನಾದರೂ ಹೊಡೆದುಹಾಕೋಣವೆಂದರೆ ಅದಕ್ಕೂ ಕೋರಂ ಬೇಕು! (ಇಂಥ ಅವಿವೇಕ ತಡೆಯಲು ಎಟ್‌ಸಿಡಿಯಲ್ಲೇ ಒಂದು ಕಾವಲಿದೆ. ಅದನ್ನು ಹಿಂದೊಮ್ಮೆ ಆಫ್ ಮಾಡಿಟ್ಟ ಪುಣ್ಯಾತ್ಮ ಈ ಪತ್ರ ಬರೆಯುತ್ತಿರುವವನೇ. ಆ ಮಾತು ನಮ್ಮಿಬ್ಬರಲ್ಲೇ ಇರಲಿ.)

ಇನ್ನು ಗೋತ್ರದ ವಿಚಾರ. ತಮ್ಮ ಕಾನ್ಫಿಗ್ ಫೈಲಿನಲ್ಲಿ ‘ಈಗಿರುವ ಕ್ಲಸ್ಟರಿಗೆ ಸೇರು’ ಎಂದಿರಬೇಕಾದ ಸಾಲಿನಲ್ಲಿ, ಹಳೆಯ ಫೈಲಿನಿಂದ ಕಾಪಿ ಮಾಡಿದ ‘ಹೊಸದು’ ಎಂಬ ಪದ ಹಾಗೇ ಉಳಿದಿತ್ತು. ತಾವೋ ಪರಮ ವಿಧೇಯರು. ಒಂದು ಮಾತು ಕೇಳದೆ ಬೇರೆ ಮನೆಯನ್ನೇ ಹೂಡಿಬಿಟ್ಟಿರಿ. ಹಳಬರು ‘ಕ್ಲಸ್ಟರ್ ಐಡಿ ಹೊಂದುವುದಿಲ್ಲ’ ಎಂದು ಬಾಗಿಲಲ್ಲೇ ತಡೆದರು. ಲಾಗಿನ ತುಂಬ ಅದೇ ಸಾಲು, ಮೇಲಿಂದ ಕೆಳಗಿನವರೆಗೆ. ನಮ್ಮಲ್ಲಿ ಮದುವೆಗೆ ಗೋತ್ರ ಒಂದಾಗಬಾರದು. ತಮ್ಮ ಕುಲದಲ್ಲಿ ಒಂದಾಗದಿದ್ದರೆ ಹೊಸ್ತಿಲು ದಾಟಿಸುವುದಿಲ್ಲ. ಆ ಎಸಿಯ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ತಮ್ಮ ಡೇಟಾ ಡೈರೆಕ್ಟರಿ ಖಾಲಿ ಮಾಡಿ, ಆ ಒಂದು ಪದ ತಿದ್ದಿ ತಮ್ಮನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಹಾಲಿನ ಗಾಡಿ ಬಂದಿತ್ತು.

ಒಂದು ಬಿನ್ನಹ. 2019ರಲ್ಲಿ ಬಂದ 3.4ನೇ ಆವೃತ್ತಿಯಿಂದಲೇ ಎಟ್‌ಸಿಡಿಯಲ್ಲಿ ‘ಲರ್ನರ್’ ಎಂಬ ಏರ್ಪಾಡಿದೆ. ಮತವಿಲ್ಲ, ಕೋರಂ ಲೆಕ್ಕಕ್ಕಿಲ್ಲ; ಹಿರಿಯರ ದಾಖಲೆಯನ್ನೆಲ್ಲ ನಕಲು ಮಾಡಿಕೊಂಡು ಸಮಕ್ಕೆ ಬಂದ ಮೇಲೆ ಬಡ್ತಿ. ತಮ್ಮ ವಂಶಸ್ಥರು ದಯಮಾಡಿಸುವಾಗ ಎಲ್ ಬೋರ್ಡ್ ಹಾಕಿಕೊಂಡೇ ಬರುವಂತೆ ಅಪ್ಪಣೆಯಾಗಲಿ.

ಇಂತಿ ತಮ್ಮ ವಿಧೇಯ,
ರಾತ್ರಿ ಪಾಳಿಯವ

ತಾ.ಕ.: ಎರಡನೆಯವರ ಫ್ಯಾನು ನಿನ್ನೆಯಿಂದ ಕರಕರ ಅನ್ನುತ್ತಿದೆ. ಈ ಪತ್ರ ಅವರ ಕಣ್ಣಿಗೆ ಬೀಳದಿರಲಿ.