ಪೈಥಾನ್ ಮಹಾಶಯರ ವ್ಯಾಕರಣ

ಕುಮಟೆಯಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯ ಲಾರಿಗಳ ಸದ್ದು ಜಗಲಿಯವರೆಗೂ ಕೇಳಿಬರುತ್ತಿದ್ದ ಒಂದು ಅಪರಾಹ್ನ, ಹಿರೇಗುತ್ತಿಯ ಮನೆಯೊಂದರಲ್ಲಿ, ಲ್ಯಾಪ್‌ಟಾಪಿನ ಕರಿಯ ಪರದೆಯ ಮೇಲೆ ವಿರಾಜಮಾನರಾಗಿದ್ದ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಮಹಾಶಯರನ್ನು, ಎರಡನೆಯ ಅವತಾರವನ್ನು ತ್ಯಜಿಸಿ ಮೂರನೆಯದನ್ನು ಧರಿಸಿದ ಕಾರಣವೇನೆಂದು ವಿಚಾರಿಸಲಾಯಿತು.

ನಾನು: ಸರ್ಪಜಾತಿಗೆ ಪೊರೆ ಕಳಚುವುದು ಸಹಜಧರ್ಮವಲ್ಲವೇ?

ಪೈಥಾನ್: ನಾನು ಸರ್ಪವಲ್ಲ. ಜನಕರಾದ ಗೈಡೊ ವ್ಯಾನ್ ರೋಸಮ್ ಅವರು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದ ಹೆಸರನ್ನು ನನಗಿಟ್ಟರು. ಆದುದರಿಂದ ನನ್ನ ಕೃತ್ಯಗಳನ್ನು ಹಾಸ್ಯವೆಂದೇ ಭಾವಿಸತಕ್ಕದ್ದು.

ನಾನು: 2008ರ ಡಿಸೆಂಬರಿನಲ್ಲಿ ತಾವು ಹೊಸ ರೂಪ ತಾಳಿದೊಡನೆ ಹಳೆಯ ಪ್ರೋಗ್ರಾಮುಗಳು ಕೆಟ್ಟುನಿಂತವೆಂಬ ದೂರಿದೆ.

ಪೈಥಾನ್: ‘ಪ್ರಿಂಟ್’ ಎಂಬುದಕ್ಕೆ ಕಂಸ ಹಾಕಿರೆಂದೆ. ಹಾಕದವರಿಗೆ ತಪ್ಪೆಂದು ಕೂಗಿ ಹೇಳುವೆನು.

ನಾನು: ಕೂಗದೆ ಬದಲಿಸಿದ್ದೂ ಉಂಟಲ್ಲ! ಏಳು ತೆಂಗಿನಕಾಯಿಗಳನ್ನು ಇಬ್ಬರು ಅಣ್ಣತಮ್ಮಂದಿರಿಗೆ ಪಾಲುಮಾಡೆಂದು ಒಂದು ಓರೆಗೆರೆ ಎಳೆದರೆ, ಹಿಂದೆ ತಲೆಗೆ ಮೂರೆಂದು ನುಡಿದು ಮಿಕ್ಕ ಕಾಯಿಯನ್ನು ನುಂಗುತ್ತಿದ್ದವರು, ಈಗ ಅದೇ ಗೆರೆಗೆ ಮೂರೂವರೆ ಎನ್ನುವಿರಿ.

ಪೈಥಾನ್: ನುಂಗುವುದು ಸಿ ಭಾಷೆಯಿಂದ ಬಂದ ಪಿತ್ರಾರ್ಜಿತ. ಅದೇ ಬೇಕೆನ್ನುವವರಿಗೆ ಎರಡು ಓರೆಗೆರೆಗಳ ಸೌಕರ್ಯವನ್ನು ಕಲ್ಪಿಸಿದ್ದೇನೆ.

(ಪಾಲುಪಟ್ಟಿಯ ವ್ಯಾಜ್ಯ ಕಂಡ ಯಾವ ಮನೆಯವರೂ ಈ ಸಮಾಧಾನವನ್ನು ಒಪ್ಪಲಾರರು.)

ನಾನು: ಹಳಗನ್ನಡಕ್ಕೆ ಯಾರೂ ಮರಣದಿನವನ್ನು ಗೊತ್ತುಪಡಿಸಲಿಲ್ಲ, ಪಂಪನನ್ನು ಇಂದಿಗೂ ನಿಘಂಟು ಹಿಡಿದು ಓದುವವರಿದ್ದಾರೆ.

ಪೈಥಾನ್: ನನ್ನ ಎರಡನೆಯ ರೂಪಕ್ಕೆ 2015 ಎಂದು ಸಾರಲಾಗಿತ್ತು. ಜನ ಕದಲದಿರಲು 2020ರ ಜನವರಿ 1ಕ್ಕೆ ಮುಂದೂಡಲಾಯಿತು. ನಿವೃತ್ತಿಯ ವಿಸ್ತರಣೆ ತಮ್ಮ ಕಚೇರಿಗಳಿಗೆ ಅಪರಿಚಿತವೇ?

ನಾನು: ಇಷ್ಟೆಲ್ಲ ಕೋಲಾಹಲದಿಂದ ಕನ್ನಡಿಗನಿಗೆ ಬಂದ ಲಾಭವೇನು?

ಪೈಥಾನ್: ಬಹಳ! ‘ಹಿರೇಗುತ್ತಿ’ ಎಂಬ ಹೆಸರನ್ನು ಯುಟಿಎಫ್-8ರಲ್ಲಿ ಬರೆದು ಅದರ ಉದ್ದವೆಷ್ಟೆಂದು ಕೇಳಿದರೆ, ಹಿಂದೆ ಬೈಟುಗಳನ್ನೆಣಿಸಿ 30 ಎನ್ನುತ್ತಿದ್ದೆ. ಈಗ ಯೂನಿಕೋಡಿನ ಸಂಕೇತಗಳನ್ನೆಣಿಸಿ 10 ಎನ್ನುವೆನು. ‘ತೆಂಗು’ ಎಂದು ಕನ್ನಡದಲ್ಲೇ ಬರೆದು ಅದಕ್ಕೆ ಬೆಲೆ ಕೊಟ್ಟರೂ ಸ್ವೀಕರಿಸುವೆನು. ಮೊದಲು ಅಂತಹ ಹೆಸರನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ನಾನು: ಹಿ, ರೇ, ಗು, ತ್ತಿ. ಒಂದನೆಯ ಇಯತ್ತೆಯ ಮಗು ನಾಲ್ಕೇ ಬೆರಳು ಮಡಚುತ್ತದೆಯಲ್ಲ!

ಪೈಥಾನ್: ಗುಡಿಸಿಗೊಂದು, ಕೊಂಬಿಗೊಂದು, ಒತ್ತಕ್ಷರದ ನಡುವೆ ಅಡಗಿರುವ ಹಲಂತಕ್ಕೊಂದು, ಹೀಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುವುದು ನನ್ನ ನಿಯಮ.

ನಾನು: ಹಾಗಾದರೆ ನಾಲ್ಕೆನ್ನಲು ನಾಲ್ಕನೆಯ ಅವತಾರವನ್ನು ಕಾಯಬೇಕೋ?

ಪೈಥಾನ್: ಮಹನೀಯರೇ, ಮೂರನೆಯದಕ್ಕೇ ಹತ್ತು ವರ್ಷ ಜನರ ಬಾಯಿಗೆ ಸಿಕ್ಕಿ ಬಳಲಿದ್ದೇನೆ, ಆ ಸಂಖ್ಯೆಯನ್ನು ಉಚ್ಚರಿಸಬೇಡಿ. ನಾಲ್ಕು ಬೇಕಾದವರು ಹೊರಗಿನಿಂದ ಲೈಬ್ರರಿಯೊಂದನ್ನು ತರಿಸಿಕೊಳ್ಳತಕ್ಕದ್ದು.