ಗೌರವಾಧ್ಯಕ್ಷರ ಊರಿನಲ್ಲಿ

ಉಡುಪಿ ಜಿಲ್ಲೆಯಲ್ಲಿ ಹುಟ್ಟಿ, ಇಲ್ಲೇ ಬೆಳೆದು, ಒಂದು ಸಮಿತಿಗೂ ಸೇರದೆ ಐವತ್ತು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಮಾರಾಯ್ರೆ. ಅಂಥವರಿಗೆ ಒಂದು ಸನ್ಮಾನ ಮಾಡುವ ಅಂತ ಉಂಟು. ಸನ್ಮಾನ ಸಮಿತಿಗೆ ಅಧ್ಯಕ್ಷರು ತಯಾರಾಗಿಯೇ ಇದ್ದಾರೆ. ಸಿಗದಿರುವುದು ಸನ್ಮಾನಿತರು ಮಾತ್ರ.

ಕಾಪುವಿನಿಂದ ಶಿರ್ವ, ಬೆಳ್ಮಣ್ಣು ದಾರಿಯಾಗಿ ಕಾರ್ಕಳಕ್ಕೆ ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ. ಕಿಟಕಿಯಾಚೆ ತೆಂಗು, ಕಂಗು, ಹಸಿರು ಗದ್ದೆ ಕಾಣುತ್ತದೆ ಅಂತ ಪ್ರವಾಸ ಬರೆಯುವವರು ಬರೆಯುತ್ತಾರೆ. ಸುಳ್ಳು. ಕಾಣುವುದು ಫ್ಲೆಕ್ಸ್. ಬ್ರಹ್ಮಕಲಶೋತ್ಸವ, ನೇಮೋತ್ಸವ, ಕಂಬಳ, ಶಾಲೆಯ ಶತಮಾನೋತ್ಸವ, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ. ಮೇಲಿನ ಮೂಲೆಯಲ್ಲಿ ದೇವರ ಚಿತ್ರ ಸಣ್ಣದು, ಕೆಳಗೆ ಶುಭ ಕೋರುವವರ ಮುಖ ದೊಡ್ಡದು. ಇದರಲ್ಲಿ ತಪ್ಪೇನಿಲ್ಲ. ದೇವರನ್ನು ಎಲ್ಲರೂ ಗುರುತು ಹಿಡಿಯುತ್ತಾರೆ, ಶುಭ ಕೋರುವವರಿಗೆ ಆ ಅನುಕೂಲ ಇಲ್ಲವಲ್ಲ! ನಂದಳಿಕೆಯವರು ಮಾತ್ರ ಸಿರಿ ಜಾತ್ರೆಯ ಪ್ರಚಾರಕ್ಕೆ ವರ್ಷಕ್ಕೊಂದು ಹೊಸ ಉಪಾಯ ಹುಡುಕಿ ಉಳಿದ ಊರಿನವರ ಹೊಟ್ಟೆ ಉರಿಸುತ್ತಾರೆ. ಕವಿ ಮುದ್ದಣನ ಊರಿನವರು, ಕಲ್ಪನೆಗೆ ಬಡತನ ಎಲ್ಲಿಯದು?

ಫ್ಲೆಕ್ಸ್ ಮಳೆಗೆ ಹರಿಯುತ್ತದೆ. ಆಮಂತ್ರಣ ಪತ್ರಿಕೆ ಹಾಗಲ್ಲ, ಅದು ದಾಖಲೆ. ಒಂದು ಕಾಲದಲ್ಲಿ ಅರಿಶಿನ ಹಚ್ಚಿದ ಒಂದು ಹಾಳೆ ಇತ್ತು, ಈಗ ಪುಸ್ತಕ. ಮೊದಲ ಪುಟಗಳಲ್ಲಿ ತೋರಣ ಮುಹೂರ್ತ, ಉಗ್ರಾಣ ಮುಹೂರ್ತ, ಹೊರೆಕಾಣಿಕೆ ಮೆರವಣಿಗೆ. ಅದನ್ನು ಯಾರೂ ಓದುವುದಿಲ್ಲ. ಎಲ್ಲರ ಬೆರಳೂ ನೇರ ಕೊನೆಯ ಪುಟಗಳಿಗೆ. ಜೀರ್ಣೋದ್ಧಾರ ಸಮಿತಿ ಬೇರೆ, ಬ್ರಹ್ಮಕಲಶೋತ್ಸವ ಸಮಿತಿ ಬೇರೆ, ವ್ಯವಸ್ಥಾಪನಾ ಸಮಿತಿ ಇನ್ನೂ ಬೇರೆ. ಅವುಗಳ ಹೊಟ್ಟೆಯಲ್ಲಿ ಹಣಕಾಸು, ಆಹಾರ, ಚಪ್ಪರ, ವೈದಿಕ, ಮೆರವಣಿಗೆ, ಸ್ವಚ್ಛತೆ, ಕುಡಿಯುವ ನೀರು, ಪಾರ್ಕಿಂಗ್. ಒಂದೊಂದಕ್ಕೂ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಒಂದು ಸಾಲು ಉಪಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಕೋಶಾಧಿಕಾರಿ, ಸಂಚಾಲಕ, ಸಹ ಸಂಚಾಲಕ. ಕಟ್ಟಕಡೆಗೆ 'ಮತ್ತು ಸರ್ವ ಸದಸ್ಯರು'. ಈ ಸರ್ವ ಸದಸ್ಯರು ಯಾರು ಅಂತ ನಾನು ಅಲ್ಲಿ ಇಲ್ಲಿ ವಿಚಾರಿಸಿದೆ. ಯಾರೂ ಇಲ್ಲ.

ಹೊರಗಿನವರಿಗೆ ಈ ಹುದ್ದೆಗಳೆಲ್ಲ ಒಂದೇ ಅಂತ ಕಾಣಬಹುದು. ಅಲ್ಲ. ಗೌರವಾಧ್ಯಕ್ಷರು ದುಡ್ಡು ಕೊಡುವವರು, ಸಭೆಗೆ ಬಾರದಿದ್ದರೂ ನಡೆಯುತ್ತದೆ, ಬಾರದಿದ್ದರೆ ಒಳ್ಳೆಯದೇ. ಅಧ್ಯಕ್ಷರು ಶಾಲು ಹೊದಿಸುವವರು. ಕಾರ್ಯಾಧ್ಯಕ್ಷರು ಬೈಸಿಕೊಳ್ಳುವವರು. ಪ್ರಧಾನ ಕಾರ್ಯದರ್ಶಿಯ ಹೆಂಡತಿ ಆ ಎರಡು ತಿಂಗಳು ಮನೆಯ ಲೆಕ್ಕದಿಂದ ಅವರ ಹೆಸರು ತೆಗೆದು ಹಾಕುತ್ತಾಳೆ. ಕೋಶಾಧಿಕಾರಿಗೆ ರಾತ್ರಿ ನಿದ್ದೆ ಇಲ್ಲ, ರಶೀದಿ ಪುಸ್ತಕ ತೆಗೆದುಕೊಂಡು ಹೋದವರು ಪುಸ್ತಕ ವಾಪಸು ಕೊಡುವುದಿಲ್ಲ. ಜೊತೆ ಕಾರ್ಯದರ್ಶಿ ಅಂದರೆ ಕುರ್ಚಿ ಹೊರುವ ಹುಡುಗ, ಪಾಪ. ಇನ್ನು ಮುಂಬೈ ಸಮಿತಿ. ಅಂಧೇರಿ, ಘಾಟ್ಕೋಪರಿನ ಹೋಟೆಲುಗಳಲ್ಲಿ ಬೆವರು ಸುರಿಸಿದವರ ದುಡ್ಡಿನಿಂದಲೇ ನಮ್ಮ ಎಷ್ಟೋ ಗರ್ಭಗುಡಿಗಳ ಮೇಲೆ ತಾಮ್ರದ ಹೊದಿಕೆ ಕೂತದ್ದು. ಹಾಗಾಗಿ ಮತ್ಸ್ಯಗಂಧ ರೈಲಿನಿಂದ ಅವರು ಇಳಿಯುವ ತನಕ ನಮ್ಮಲ್ಲಿ ಯಾವ ದೊಡ್ಡ ತೀರ್ಮಾನವೂ ಆಗುವುದಿಲ್ಲ. ಇಳಿದ ಮೇಲೂ ಆಗುವುದಿಲ್ಲ, ಅದು ಬೇರೆ ವಿಷಯ.

ಕಾಪುವಿನ ಮಾರಿಯಮ್ಮನಿಗಂತೂ ಒಂದೇ ಪೇಟೆಯಲ್ಲಿ ಮೂರು ಗುಡಿ: ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ಸುಗ್ಗಿ ಮಾರಿಪೂಜೆಗೆ ಮೂರರಲ್ಲೂ ಜನವೋ ಜನ. ಹೊಸ ಮಾರಿಗುಡಿಯನ್ನು ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಹೊಸದಾಗಿ ಕಟ್ಟಿ 2025ರಲ್ಲಿ ಬ್ರಹ್ಮಕಲಶ ಮಾಡಿದರು. ನೋಡಿದರೆ ಕಣ್ಣು ತುಂಬುತ್ತದೆ. ನಾನು ಮನಸ್ಸಿನಲ್ಲಿ ಗುಣಾಕಾರ ಮಾಡಿದ್ದು ಮಾತ್ರ ಬೇರೆ: ಒಬ್ಬಳು ದೇವಿ, ಮೂರು ಗುಡಿ, ಹಾಗಾದರೆ ಸಮಿತಿ ಎಷ್ಟು, ಉಪಾಧ್ಯಕ್ಷರು ಎಷ್ಟು?

ಈ ಹೆಸರಿನ ಹುಚ್ಚು ಫ್ಲೆಕ್ಸಿನ ಕಾಲದ್ದು ಅಂತ ಕೆಲವು ಹಿರಿಯರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ನೇಮದ ಕೊಡಿಯಡಿಯಲ್ಲಿ ನಿಂತು ನೋಡಿದವರಿಗೆ ಗೊತ್ತು, ದೈವ ಸುಮ್ಮನೆ ಕುಣಿದು ಹೋಗುವುದಿಲ್ಲ. ಗುತ್ತು, ಬರ್ಕೆ ಅಂತ ಊರಿನ ದೊಡ್ಡ ಮನೆಗಳನ್ನು ಹೆಸರು ಹಿಡಿದು, ಕ್ರಮ ಹಿಡಿದು ಕರೆಯಬೇಕು. ದೈವದ ಪ್ರಸಾದವಾದ ಬೂಳ್ಯ ಮೊದಲು ಯಾರ ಕೈಗೆ, ಆಮೇಲೆ ಯಾರ ಕೈಗೆ ಅಂತ ಕಟ್ಟು ಉಂಟು. ಆ ಕ್ರಮದಲ್ಲಿ ಒಂದು ಹೆಸರು ಹಿಂದೆ ಮುಂದೆ ಆಗಿ ಎರಡು ಮನೆಯವರು ಎರಡು ತಲೆಮಾರು ಮಾತು ಬಿಟ್ಟ ಕಥೆ ಪ್ರತಿ ಊರಿನಲ್ಲೂ ಸಿಗುತ್ತದೆ. ಕಂಬಳದಲ್ಲೂ ಅಷ್ಟೇ. ಮಿಯಾರಿರಲಿ, ಕಟಪಾಡಿಯಿರಲಿ, ಓಡುವುದು ಕೋಣ, ಓಡಿಸುವವ ಇನ್ನೊಬ್ಬ, ಮೈಕಿನಲ್ಲಿ ಮೊದಲು ಬರುವುದು ಯಜಮಾನರ ಮನೆಯ ಹೆಸರು.

ಆಗ ಕರೆಸಿಕೊಳ್ಳುವ ಯೋಗ ಇದ್ದದ್ದು ನಾಲ್ಕಾರು ಮನೆಗಳಿಗೆ. ಉಳಿದವರು ಕೈ ಮುಗಿದು ದೂರ ನಿಂತವರು. ಕೆಲವರಿಗೆ ಅಷ್ಟು ಹತ್ತಿರ ಬರಲಿಕ್ಕೂ ಇರಲಿಲ್ಲ. 1974ರಲ್ಲಿ ಭೂಸುಧಾರಣೆಯ ಕಾಯ್ದೆ ಗಟ್ಟಿಯಾಗಿ ಬಂತು, ಗೇಣಿಗೆ ಮಾಡುತ್ತಿದ್ದವರು ಡಿಕ್ಲರೇಶನ್ ಕೊಟ್ಟರು, ಗದ್ದೆ ಅವರ ಹೆಸರಿಗಾಯಿತು. ಪಟೇಲರು, ಶ್ಯಾನುಭೋಗರು ಅದಕ್ಕೂ ಮೊದಲೇ ಹೋಗಿದ್ದರು. ಗದ್ದೆ ಬಂದ ಮೇಲೆ ಹೆಸರು ಬೇಡವೇ? ಯುವಕ ಮಂಡಲ ಹುಟ್ಟಿತು, ಭಜನಾ ಮಂಡಳಿ ಹುಟ್ಟಿತು, ಮಹಿಳಾ ಮಂಡಲ ಹುಟ್ಟಿತು, ಸಾರ್ವಜನಿಕ ಗಣೇಶೋತ್ಸವ, ಶಾರದೋತ್ಸವ ಒಂದರ ಹಿಂದೆ ಒಂದು ಬಂದವು. ನನ್ನ ಪ್ರಕಾರ ಈ ಸಮಿತಿಗಳೇ ನಮ್ಮ ಎರಡನೇ ಭೂಸುಧಾರಣೆ. ಉಳುವವನೇ ಹೊಲದೊಡೆಯ ಆದ, ಕುರ್ಚಿ ಹೊರುವವನೇ ಸಹ ಸಂಚಾಲಕ ಆದ. ನಗಬೇಕಾದರೆ ನಗಿ. ಆದರೆ ಅಜ್ಜನನ್ನು ಯಾರೂ ಹೆಸರು ಹಿಡಿದು ಕರೆಯದಿದ್ದ ಮನೆಯ ಮೊಮ್ಮಗ ಇವತ್ತು ಬ್ಯಾಜ್ ಚುಚ್ಚಿಕೊಂಡು ಪಾರ್ಕಿಂಗ್ ಗದ್ದೆಯಲ್ಲಿ ವಿಸಿಲ್ ಊದುವಾಗ ಅವನ ಮುಖ ನೋಡಿಕೊಂಡು ನಗಿ.

ವೇದಿಕೆಯ ಮೇಲೆ ಮಾತ್ರ ನನಗೆ ಕರುಣೆ ಇಲ್ಲ. ಎರಡು ಸಾಲು ಕುರ್ಚಿ, ಎದುರಿಗೆ ಕೂತವರಿಗಿಂತ ಮೇಲೆ ಕೂತವರು ಹೆಚ್ಚು. ಸ್ವಾಗತ ಮಾಡುವವರು ಒಬ್ಬೊಬ್ಬರ ಹೆಸರಿನ ಹಿಂದೆ ಕೊಡುಗೈ ದಾನಿ, ಧಾರ್ಮಿಕ ಮುಂದಾಳು ಅಂತ ಅಂಟಿಸುತ್ತಾ ಹೋಗುತ್ತಾರೆ. ಪ್ರಾಸ್ತಾವಿಕದವರು ಅದನ್ನೇ ಮತ್ತೊಮ್ಮೆ ಹೇಳುತ್ತಾರೆ. 'ಸಮಯದ ಅಭಾವದಿಂದ ಎರಡೇ ಮಾತು' ಅಂತ ಶುರು ಮಾಡಿದವರನ್ನು ನಿಲ್ಲಿಸುವ ಶಕ್ತಿ ಕರೆಂಟು ತೆಗೆಯುವ ಮೆಸ್ಕಾಂಗೆ ಮಾತ್ರ ಉಂಟು. ಅತ್ತ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತ ವೇಷದವರು ಆಕಳಿಸುತ್ತಾರೆ. ಯಕ್ಷಗಾನಕ್ಕೆ ಕಾಲಮಿತಿ ಬಂತು ಮಾರಾಯ್ರೆ, ಸಭಾ ಕಾರ್ಯಕ್ರಮಕ್ಕೆ ಬರಲೇ ಇಲ್ಲ. ಇಷ್ಟೆಲ್ಲ ಆಗಿ ಊರಿನ ಬಿಡಿ ಸುದ್ದಿ ಸಂಗ್ರಾಹಕರು ಬರೆದು ಕಳಿಸಿದ ವರದಿ ಪೇಪರಿನಲ್ಲಿ ಬಂದಾಗ ಎಂಟು ಹೆಸರು ಇದ್ದು, ಒಂಬತ್ತನೆಯವರು 'ಮೊದಲಾದವರು ಉಪಸ್ಥಿತರಿದ್ದರು' ಎಂಬಲ್ಲಿ ಸೇರಿಹೋಗಿರುತ್ತಾರೆ. 1970ರಲ್ಲಿ ಮಣಿಪಾಲದಿಂದ ಉದಯವಾಣಿ ಹೊರಟಂದಿನಿಂದ ನಮ್ಮ ಹಳ್ಳಿಗಳ ಹೆಸರು ಅಚ್ಚಾಗುವ ಭಾಗ್ಯ ಬಂತು ನಿಜ. ಅದರ ಜೊತೆಗೆ ಅಚ್ಚಾಗದೆ ಉಳಿದವರ ಸಂಕಟವೂ ಬಂತು. ಆ ಒಂಬತ್ತನೆಯವರು ಮರುದಿನ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ.

ಇಗರ್ಜಿಯವರ ಕಡೆ ಇದೆಲ್ಲ ಇಲ್ಲ ಅಂತ ತಿಳಿಯಬೇಡಿ. ಅಲ್ಲಿ ಪಾಲನಾ ಮಂಡಳಿ ಉಂಟು, ಪ್ರತಿ ವಾಡೊಗೆ, ಅಂದರೆ ವಾರ್ಡಿಗೆ, ಗುರ್ಕಾರ್ ಅಂತ ಒಬ್ಬ ಮುಂದಾಳು ಉಂಟು. ವಿಶೇಷ ಏನೆಂದರೆ ಮಂಡಳಿಯ ಅಧ್ಯಕ್ಷರು ಯಾವತ್ತೂ ಧರ್ಮಗುರುಗಳೇ. ಹಾಗಾಗಿ ಉಳಿದವರಿಗೆ ಸಿಗುವ ಅತಿ ದೊಡ್ಡ ಪಟ್ಟ ಉಪಾಧ್ಯಕ್ಷರದ್ದು. ಉಪಾಧ್ಯಕ್ಷ ಪಟ್ಟಕ್ಕೆ ಇಷ್ಟು ಬೆಲೆ ಅಮೆರಿಕದಲ್ಲೂ ಇಲ್ಲ. ಆದರೆ ಕೆಲಸದ ವಿಷಯಕ್ಕೆ ಬಂದರೆ ಅವರಿಂದ ಕಲಿಯಲಿಕ್ಕೆ ಉಂಟು. ಜನವರಿ ಕೊನೆಗೆ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ನುಗ್ಗುತ್ತಾರೆ, ಅಲ್ಲಿನ ಇಗರ್ಜಿ 2016ರಲ್ಲಿ ಬಸಿಲಿಕ ಆದ ಮೇಲಂತೂ ಕೇಳುವುದೇ ಬೇಡ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ತೆನೆ ಕೊಯ್ದು ತಂದು, ಆಶೀರ್ವಾದ ಮಾಡಿಸಿ, ಮಕ್ಕಳಿಗೆ ಕಬ್ಬು ಹಂಚಿ, ಎಲ್ಲ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ. ವಂದನಾರ್ಪಣೆ ಒಂದೇ ನಿಮಿಷ. ನಮ್ಮವರು ನೋಡಿ, ಮೆಚ್ಚಿ, ಬಂದು ಮತ್ತೆ ಎರಡು ಸಾಲು ಕುರ್ಚಿ ಹಾಕುತ್ತಾರೆ.

ಇನ್ನು ಊರಿನ ನಿಜವಾದ ಸಭೆಯ ಕಥೆ ಕೇಳಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಸಾಕು. ಬರೀ ನೂರು! ಅನ್ನಸಂತರ್ಪಣೆಯಲ್ಲಿ ಪಾಯಸ ಬಡಿಸುವವರೇ ಅಷ್ಟು ಇರುತ್ತಾರೆ. ಗ್ರಾಮಸಭೆಯಲ್ಲಿ ಮಾತ್ರ ಹಾಜರಿ ಪುಸ್ತಕ ಹಿಡಿದು ಸಿಬ್ಬಂದಿ ರಸ್ತೆಗೆ ಬಂದು, 'ಒಂದು ಸೈನ್ ಹಾಕಿ ಹೋಗಿ ಅಣ್ಣಾ' ಅಂತ ಹೇಳಬೇಕು. ಯಾಕೆ ಬರುವುದಿಲ್ಲ? ಅಲ್ಲಿ ಶಾಲು ಇಲ್ಲ, ಹೂ ಇಲ್ಲ, ಯಾರ ಹೆಸರನ್ನೂ ಕರೆಯುವುದಿಲ್ಲ. ಕೃಷಿ ಇಲಾಖೆಯವರು ಬಂದು ಸುಣ್ಣ, ಪಂಪು, ಟಾರ್ಪಾಲಿನ ಬಗ್ಗೆ ಮಾತಾಡುತ್ತಾರೆ, ಆರೋಗ್ಯದವರು ಸೊಳ್ಳೆಯ ಬಗ್ಗೆ. ಬಂದವರು ಕೇಳುವುದು ಯಾವಾಗಲೂ ಅದೇ: ದಾರಿದೀಪ, ನಾಯಿ, ಮಂಗ, ನವಿಲು, ಚರಂಡಿ, ಮತ್ತೆ 'ನಮ್ಮ ನೈನ್ ಇಲೆವನ್ ಎಂತಾಯ್ತು?' ನ್ಯೂಜೆರ್ಸಿಯಿಂದ ರಜೆಗೆ ಬಂದ ಹುಡುಗನೊಬ್ಬ ಇದನ್ನು ಕೇಳಿ ಬಿಳಿಚಿಕೊಂಡ. ಅದು ಜಾಗದ ಖಾತೆಯ ನಮೂನೆ ಒಂಬತ್ತು, ಹನ್ನೊಂದು ಅಂತ ತಿಳಿಸಿ ಹೇಳಬೇಕಾಯಿತು.

ಪಂಚಾಯತಿಗೆ 400 ಜನಕ್ಕೆ ಒಬ್ಬರಂತೆ ಸದಸ್ಯರು, ಅದರಲ್ಲಿ ಅರ್ಧ ಹೆಂಗಸರು. ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅಂತ ಕಾನೂನು, ಯಾರು ಯಾವ ಕಡೆ ಅಂತ ಬೀದಿನಾಯಿಗೂ ಗೊತ್ತು. ಹೆಂಗಸರು ಅಧ್ಯಕ್ಷೆ ಆದರೆ ಗಂಡಂದಿರೇ ನಡೆಸುತ್ತಾರೆ ಅಂತ ಒಂದು ಮಾತಿತ್ತು. ನಮ್ಮ ಕಡೆ ಆ ಮಾತು ಬೇಗ ಹಳತಾಯಿತು. ಸ್ವಸಹಾಯ ಸಂಘದಲ್ಲಿ ವಾರ ವಾರ ಕೂತು, ಉಳಿತಾಯ, ಸಾಲ, ಕಂತು ಅಂತ ಪುಸ್ತಕ ಬರೆದ ಹೆಂಗಸಿಗೆ ಪಂಚಾಯತಿನ ಜಮಾ ಖರ್ಚು ಒಂದು ಲೆಕ್ಕವೇ? ಮೊದಲ ಸಭೆಗೆ ಸ್ಕೂಟರಿನಲ್ಲಿ ಕರೆದುಕೊಂಡು ಬಂದ ಗಂಡ ಹಿಂದಿನ ಬೆಂಚಿನಲ್ಲಿ ಕೂತು ಸನ್ನೆ ಮಾಡುತ್ತಿದ್ದ. ಆರು ತಿಂಗಳ ನಂತರ ಅವನು ಸ್ಕೂಟರಿನ ಹತ್ತಿರವೇ ನಿಂತಿದ್ದ.

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇಂಥದ್ದೇ ಒಂದು ಉಂಟು, ಪ್ಯಾರಿಶ್ ಕೌನ್ಸಿಲ್ ಅಂತ, 1894ರ ಕಾಯ್ದೆಯಿಂದ ಹುಟ್ಟಿದ್ದು. 2021ರಲ್ಲಿ ಹ್ಯಾಂಡ್‌ಫರ್ತ್ ಎಂಬ ಊರಿನ ಕೌನ್ಸಿಲಿನವರು ಝೂಮಿನಲ್ಲಿ ಜಗಳ ಮಾಡಿದ ವಿಡಿಯೊ ಲೋಕವೆಲ್ಲ ಸುತ್ತಿತು. ಸಭೆ ನಡೆಸಿಕೊಡಲು ಬಂದ ಜಾಕಿ ವೀವರ್ ಎಂಬ ಮಹಿಳೆ, ಕೂಗಾಡಿದ ಅಧ್ಯಕ್ಷರನ್ನೇ ಸಭೆಯಿಂದ ಹೊರಗೆ ಹಾಕಿದರು. ನಮ್ಮ ಅಂಗಡಿ ಕಟ್ಟೆಯಲ್ಲಿ ಎಲ್ಲರೂ ಅದನ್ನು ಮೊಬೈಲಿನಲ್ಲಿ ನೋಡಿ ಬಿದ್ದು ಬಿದ್ದು ನಕ್ಕರು. ಇಂಗ್ಲಿಷು ಅರ್ಥ ಆದವರು ಇಬ್ಬರೇ. ಜಗಳ ಎಲ್ಲರಿಗೂ ಅರ್ಥ ಆಯಿತು.

ಕಳೆದ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆ ಬಂತು: ಜನ ಯಾಕೆ ಬರುವುದಿಲ್ಲ, ಎಂತ ಮಾಡುವ? ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಒಂದು ಆಮಂತ್ರಣ ಪತ್ರಿಕೆ ಮಾಡಿ, ವಾರ್ಡಿಗೆ ಹತ್ತು ಹೆಸರು ಹಾಕಿ. ಜನ ಬಾರದಿದ್ದರೆ ನನ್ನ ಕೇಳಿ" ಅಂದರು. ಪಿಡಿಒ ಅವರು, ಅದಕ್ಕೆ ಅನುದಾನದಲ್ಲಿ ಅವಕಾಶ ಇಲ್ಲ ಸರ್ ಅಂದರು. "ಅನುದಾನ ಎಂತಕ್ಕೆ? ಮುಂಬೈಗೆ ಒಂದು ಫೋನ್ ಮಾಡುವ." ಸಭೆಗೆ ಜೀವ ಬಂತು. ಗ್ರಾಮಸಭೆ ಸಂಘಟನಾ ಸಮಿತಿ ಅಂತ ಹೆಸರು ಅಲ್ಲಿಯೇ ಆಯಿತು. ಗೌರವಾಧ್ಯಕ್ಷರು ಯಾರು ಎಂಬಲ್ಲಿಗೆ ಬಂದಾಗ ಇಬ್ಬರ ಹೆಸರು ಬಂತು, ಎರಡೂ ಬೇರೆ ಬೇರೆ ಗುತ್ತಿನವು. ಯಾರ ಹೆಸರು ಮೇಲೆ ಬರಬೇಕು ಅಂತ ಚರ್ಚೆ ಒಂದೂವರೆ ಗಂಟೆ ನಡೆದು, ಹೊರಗೆ ಹೋಗುತ್ತಿದ್ದವರೂ ಒಳಗೆ ಬಂದು ಕೂತರು. ಕೋರಂ ತುಂಬಿತು. ದಾರಿದೀಪದ ವಿಷಯ ಮುಂದಿನ ಸಭೆಗೆ ಹೋಯಿತು.